ಹೆಸರಿಲ್ಲದ ಫಲನ: 'ಫನ್' ಬರೆಯಬೇಕೆ, 'ಫಂಕ್ಷನ್' ಬರೆಯಬೇಕೆ?

ಗಣಿತದಲ್ಲಿ ಪ್ರತಿಯೊಂದು ಫಲನಕ್ಕೂ ನಾವು ಹೆಸರಿಡುವುದಿಲ್ಲ. 'ಪಟ್ಟಿಯಲ್ಲಿರುವ ಪ್ರತಿ ಸಂಖ್ಯೆಯ ವರ್ಗ ಕಂಡುಹಿಡಿಯಿರಿ' ಎಂದರೆ ಸಾಕು. ಇಂತಹ ಫಲನವನ್ನು ಹೆಸರಿಲ್ಲದೆ ಬರೆಯುವ ಕ್ರಮವನ್ನು ಅಮೆರಿಕದ ತರ್ಕಶಾಸ್ತ್ರಜ್ಞ ಅಲೊಂಜೊ ಚರ್ಚ್ 1930ರ ದಶಕದಲ್ಲಿ ತಮ್ಮ ಲ್ಯಾಂಬ್ಡಾ ಕಲನದಲ್ಲಿ ರೂಪಿಸಿದರು. ಫಲನಗಳನ್ನೇ ಆಧಾರವಾಗಿ ಉಳ್ಳ ಪ್ರೋಗ್ರಾಮಿಂಗ್ ಭಾಷೆಗಳು ಈ ಕ್ರಮವನ್ನು ಅಳವಡಿಸಿಕೊಂಡಿವೆ. ಫ್ರಾನ್ಸಿನ ಇನ್ರಿಯಾ ಸಂಸ್ಥೆಯಿಂದ 1996ರಲ್ಲಿ ಹೊರಬಂದ ಒಕ್ಯಾಮಲ್ ಅವುಗಳಲ್ಲೊಂದು. ಇದರಲ್ಲಿ ಹೆಸರಿಲ್ಲದ ಫಲನವನ್ನು ಸೂಚಿಸಲು ಎರಡು ಪದಗಳಿವೆ: 'ಫನ್' ಮತ್ತು 'ಫಂಕ್ಷನ್'. ಯಾವುದನ್ನು ಯಾವಾಗ ಬಳಸಬೇಕು?

ಸಂಖ್ಯೆಯ ವರ್ಗವನ್ನು 'ಫನ್ ಎಕ್ಸ್ -> ಎಕ್ಸ್ * ಎಕ್ಸ್' ಎಂದು ಬರೆಯುತ್ತೇವೆ. (ಗಣಕದಲ್ಲಿ ಇದನ್ನು ರೋಮನ್ ಲಿಪಿಯಲ್ಲಿ ಟೈಪ್ ಮಾಡಬೇಕು.) ಬಾಣದ ಎಡಕ್ಕೆ ಚರ, ಬಲಕ್ಕೆ ಫಲನದ ಬೆಲೆ. 'ಫನ್' ಮುಂದೆ ಹಲವು ಚರಗಳಿರಬಹುದು. ಸ್ಥಾನಪಲ್ಲಟದ ಸೂತ್ರಕ್ಕೆ ಆರಂಭಿಕ ವೇಗ, ವೇಗೋತ್ಕರ್ಷ, ಕಾಲ ಎಂಬ ಮೂರು ಚರಗಳು ಬೇಕು. ಮೊದಲೆರಡರ ಬೆಲೆಗಳನ್ನಷ್ಟೇ ಕೊಟ್ಟರೆ, ಕಾಲವನ್ನು ಮಾತ್ರ ಅವಲಂಬಿಸಿದ ಹೊಸ ಫಲನ ದೊರೆಯುತ್ತದೆ.

'ಫಂಕ್ಷನ್' ತೆಗೆದುಕೊಳ್ಳುವುದು ಒಂದೇ ಚರವನ್ನು. ಆದರೆ ಆ ಚರದ ಬೇರೆ ಬೇರೆ ರೂಪಗಳಿಗೆ ಬೇರೆ ಬೇರೆ ಉತ್ತರ ಕೊಡಬಲ್ಲದು. ನೀರಿನ ವಿಶಿಷ್ಟೋಷ್ಣವನ್ನು (ಕೆಜಿ-ಕೆಲ್ವಿನ್‌ಗೆ ಜೂಲ್‌ಗಳಲ್ಲಿ, ಸುಮಾರಾಗಿ) ಹೀಗೆ ಬರೆಯಬಹುದು:

ಫಂಕ್ಷನ್
| ಮಂಜುಗಡ್ಡೆ -> 2100
| ನೀರು -> 4200
| ಹಬೆ -> 2000

ಇಲ್ಲಿ ಹಬೆಯ ಸಾಲನ್ನು ಮರೆತಿರೆನ್ನಿ. ಪ್ರೋಗ್ರಾಮನ್ನು ಅನುವಾದಿಸುವ ಕಂಪೈಲರ್, ಒಂದು ಸಂದರ್ಭ ಬಿಟ್ಟುಹೋಗಿದೆ ಎಂದು ಎಚ್ಚರಿಸುತ್ತದೆ. ಎಚ್ಚರಿಕೆಯನ್ನು ಕಡೆಗಣಿಸಿದರೆ, ಹಬೆ ಎದುರಾದಾಗ ಪ್ರೋಗ್ರಾಮ್ ದೋಷ ತೋರಿಸಿ ನಿಲ್ಲುತ್ತದೆ. ಎಚ್ಚರಿಕೆಯ ಕಾಟ ತಪ್ಪಿಸಲು, 'ಉಳಿದುದೆಲ್ಲ' ಎಂಬ ಅರ್ಥದ ಅಡಿಗೆರೆಯನ್ನು ( _ ) ಬಳಸಿ, ಕೊನೆಯ ಸಾಲನ್ನು '_ -> 4200' ಎಂದು ಬರೆದುಬಿಡುವವರಿದ್ದಾರೆ. ಆಗ ಎಚ್ಚರಿಕೆಯೂ ಇಲ್ಲ, ದೋಷಸೂಚನೆಯೂ ಇಲ್ಲ. ಹಬೆಗೆ ಇಮ್ಮಡಿಗಿಂತ ಹೆಚ್ಚಿನ ಬೆಲೆ ಸದ್ದಿಲ್ಲದೆ ಲೆಕ್ಕದೊಳಗೆ ಸೇರುತ್ತದೆ. ನಿಂತುಹೋದ ಪ್ರೋಗ್ರಾಮಿಗಿಂತ ತಪ್ಪು ಉತ್ತರ ಕೊಡುವ ಪ್ರೋಗ್ರಾಮ್ ಹೆಚ್ಚು ಅಪಾಯಕಾರಿ.

ಇನ್ನೊಂದು ತೊಡಕು: ಒಂದು 'ಫಂಕ್ಷನ್' ಒಳಗೆ ಇನ್ನೊಂದನ್ನು ಬರೆದಾಗ, ನಂತರದ ಸಾಲುಗಳೆಲ್ಲ ಒಳಗಿನದಕ್ಕೇ ಸೇರುತ್ತವೆ. ಸಾಲುಗಳನ್ನು ಒಳಸರಿಸಿ ಬರೆದರೂ ಪ್ರಯೋಜನವಿಲ್ಲ. ಒಳಗಿನದನ್ನು ಆವರಣ ಚಿಹ್ನೆಗಳಲ್ಲಿಡಬೇಕು.

ಹೀಗಾಗಿ, ಸೂತ್ರವೊಂದೇ ಇದ್ದರೆ 'ಫನ್', ಒಂದೇ ಚರದ ರೂಪಗಳನ್ನು ವಿಂಗಡಿಸಬೇಕಿದ್ದರೆ 'ಫಂಕ್ಷನ್' ಎಂದಿಟ್ಟುಕೊಳ್ಳಬಹುದು. ಎರಡಕ್ಕಿಂತ ಹೆಚ್ಚು ಕಡೆ ಬೇಕಾಗುವ ಫಲನವಾದರೆ ಅದಕ್ಕೊಂದು ಹೆಸರಿಡುವುದೇ ಲೇಸು.