ಮ್ಯಾಂಚೆಸ್ಟರ್ ನಮ್ಮ ಗಲ್ಲಿಗೆ ಬಂದದ್ದು ಹೇಗೆ?

ಹಿಮಾಯತ್‌ನಗರದ ಯಾವ ಗಲ್ಲಿಗೆ ಬೇಕಾದರೂ ಸಂಜೆ ಹೊತ್ತು ಹೋಗಿ ನೋಡಿ. ಟ್ಯೂಷನ್ ಮುಗಿಸಿ ಬರುವ ಹುಡುಗರಲ್ಲಿ ಒಬ್ಬನಾದರೂ ಬಾರ್ಸಿಲೋನಾದ ಕೆಂಪು-ನೀಲಿ ಪಟ್ಟೆಯ ಜರ್ಸಿ ಹಾಕಿರುತ್ತಾನೆ. ಬೆನ್ನ ಮೇಲೆ ಮೆಸ್ಸಿ ಹೆಸರು, 10ನೇ ನಂಬರು. ಮೆಸ್ಸಿ ಆ ಕ್ಲಬ್ ಬಿಟ್ಟದ್ದು 2021ರಲ್ಲಿ. ನಮ್ಮ ಹುಡುಗರು ಮಾತ್ರ ಇನ್ನೂ ಜರ್ಸಿ ಬಿಟ್ಟಿಲ್ಲ. ಇನ್ನೊಬ್ಬನದು ಮ್ಯಾಂಚೆಸ್ಟರ್ ಯುನೈಟೆಡ್, ಮತ್ತೊಬ್ಬನದು ರಿಯಾದಿನ ಅಲ್ ನಸ್ರ್ ಕ್ಲಬ್ಬಿನ ಹಳದಿ. ಆ ಊರುಗಳನ್ನು ಇವರು ಕಂಡವರಲ್ಲ. ಆದರೂ ಸೋಮವಾರ ಬೆಳಿಗ್ಗೆ ಕ್ಲಾಸಿನಲ್ಲಿ ಮುಖ ಸಣ್ಣ ಮಾಡಿಕೊಂಡು "ನಮ್ಮ ಟೀಮು ಸೋತೋಯ್ತು" ಅಂತಾರೆ. ಈ "ನಮ್ಮ" ಅನ್ನುವ ಮಾತು ಎಲ್ಲಿಂದ ಬಂತು ಅನ್ನೋದನ್ನು ಇಲ್ಲಿ ಸ್ವಲ್ಪ ಬಿಡಿಸಿ ನೋಡೋಣ.

ಮನೆಯಲ್ಲಿ ಅಬ್ಬಾ ಬೈಯುವುದುಂಟು: "ಇಂಗ್ಲೆಂಡಿನವರು ಸೋತರೆ ನಿನಗೇನೋ?" ಪ್ರಶ್ನೆ ಸರಿಯಾದದ್ದೇ. ಆದರೆ ಇದು ನಮ್ಮ ಮಕ್ಕಳಿಗೆ ಮಾತ್ರ ಹಿಡಿದ ಹುಚ್ಚಲ್ಲ. ನಾರ್ವೆಯಿಂದ ನೈಜೀರಿಯಾದವರೆಗೆ ಕೋಟಿಗಟ್ಟಲೆ ಜನ ತಮ್ಮದಲ್ಲದ ದೇಶದ ಕ್ಲಬ್ಬನ್ನು ತಮ್ಮದು ಅಂದುಕೊಂಡಿದ್ದಾರೆ. ಒಂದೊಂದು ದೇಶಕ್ಕೂ ಅದು ಒಂದೊಂದು ದಾರಿಯಿಂದ ಬಂದಿದೆ.

ಮೊದಲ ದಾರಿ ಟಿವಿ. ನಾರ್ವೆಯನ್ನೇ ತೆಗೆದುಕೊಳ್ಳಿ. ಅಲ್ಲಿ ಚಳಿಗಾಲದಲ್ಲಿ ಮೈದಾನದ ಮೇಲೆ ಹಿಮ ಕೂತಿರುತ್ತದೆ, ಅವರ ಸ್ವಂತ ಲೀಗ್ ವಸಂತದಿಂದ ಶರತ್ಕಾಲದವರೆಗೆ ಮಾತ್ರ. ಹಾಗಾದರೆ ಚಳಿಗಾಲದ ಶನಿವಾರ ಏನು ನೋಡುವುದು? 1969ರ ನವೆಂಬರ್ 29ರಂದು ಅಲ್ಲಿನ ಟಿವಿ ಇಂಗ್ಲೆಂಡಿನ ವುಲ್ವ್ಸ್ ಮತ್ತು ಸಂಡರ್‌ಲ್ಯಾಂಡ್ ನಡುವಿನ ಪಂದ್ಯವನ್ನು ನೇರವಾಗಿ ತೋರಿಸಿತು. ಅಲ್ಲಿಂದ ಶನಿವಾರದ ಇಂಗ್ಲಿಷ್ ಪಂದ್ಯ ಮನೆಯ ಪದ್ಧತಿಯಾಗಿಬಿಟ್ಟಿತು. ಈಗ ಅಲ್ಲಿ ಲಿವರ್‌ಪೂಲ್ ಅಭಿಮಾನ ಅಜ್ಜನಿಂದ ಮೊಮ್ಮಗನಿಗೆ ಹೋಗುತ್ತದೆ, ನಮ್ಮಲ್ಲಿ ಬಿರಿಯಾನಿ ಮಾಡುವ ಕೈಗುಣ ಹೋಗುವ ಹಾಗೆ.

ಟಿವಿಯ ಜೊತೆಗೆ ಗಡಿಯಾರವೂ ಕೆಲಸ ಮಾಡುತ್ತದೆ. ಇಂಗ್ಲೆಂಡಿನಲ್ಲಿ ಪ್ರೀಮಿಯರ್ ಲೀಗ್ ಶುರುವಾದದ್ದು 1992ರಲ್ಲಿ. ಹೆಚ್ಚುಕಡಿಮೆ ಅದೇ ಕಾಲಕ್ಕೆ ನಮ್ಮ ಮನೆಗಳಿಗೆ ಕೇಬಲ್ ಬಂತು. ಅಲ್ಲಿ ಶನಿವಾರ ಮಧ್ಯಾಹ್ನ ಮೂರಕ್ಕೆ ಶುರುವಾಗುವ ಆಟ ನಮಗೆ ಚಳಿಗಾಲದಲ್ಲಿ ರಾತ್ರಿ ಎಂಟೂವರೆಗೆ, ಬೇಸಿಗೆಯಲ್ಲಿ ಏಳೂವರೆಗೆ ಸಿಗುತ್ತದೆ. ಊಟದ ಹೊತ್ತು, ಮನೆಮಂದಿಯೆಲ್ಲ ಹಾಲ್‌ನಲ್ಲೇ ಇರುತ್ತಾರೆ. ಸ್ಪೇನ್‌ನಲ್ಲಿ ರಾತ್ರಿ ಒಂಬತ್ತಕ್ಕೆ ಶುರುವಾಗುವ ಪಂದ್ಯ ನಮಗೆ ಚಳಿಗಾಲದಲ್ಲಿ ನಡುರಾತ್ರಿ ಒಂದೂವರೆಗೆ. ಮಾರನೇ ದಿನ ಸ್ಕೂಲಿದ್ದರೆ ಅಮ್ಮಿ ಬಿಡುತ್ತಾರಾ? ಭಾರತದಲ್ಲಿ ಇಂಗ್ಲಿಷ್ ಲೀಗ್ ಇಷ್ಟು ಬೇರು ಬಿಟ್ಟಿದ್ದಕ್ಕೆ ಆಟದ ಗುಣಮಟ್ಟದಷ್ಟೇ ಈ ಗಡಿಯಾರವೂ ಕಾರಣ.

ಎರಡನೇ ದಾರಿ, ನಮ್ಮವನೊಬ್ಬ ಅಲ್ಲಿ ಆಡುವುದು. 1999ರಲ್ಲಿ ನ್ವಾಂಕ್ವೊ ಕಾನು ಆರ್ಸೆನಲ್ ಸೇರಿದ ಮೇಲೆ ನೈಜೀರಿಯಾದಲ್ಲಿ ಆರ್ಸೆನಲ್ ಮನೆಮಾತಾಯಿತು. 2004ರಲ್ಲಿ ದಿದಿಯೆ ದ್ರೋಗ್ಬಾ ಚೆಲ್ಸೀಗೆ ಹೋದಾಗ ಐವರಿ ಕೋಸ್ಟ್ ಜನರ ಕಣ್ಣೂ ಆ ಕಡೆ ಹೊರಳಿತು. ದಕ್ಷಿಣ ಕೊರಿಯಾದವರು ಪಾರ್ಕ್ ಜಿ-ಸಂಗ್ ಆಡುತ್ತಿದ್ದಾಗ ಮ್ಯಾಂಚೆಸ್ಟರ್ ಯುನೈಟೆಡ್ ನೋಡಿದರು, ಸನ್ ಹ್ಯೂಂಗ್-ಮಿನ್ ಬಂದ ಮೇಲೆ ಟಾಟೆನ್‌ಹ್ಯಾಮ್ ಕಡೆ ತಿರುಗಿದರು. 2003ರ ಹೊಸ ವರ್ಷದ ದಿನ ಮ್ಯಾಂಚೆಸ್ಟರ್ ಸಿಟಿ ಮತ್ತು ಎವರ್ಟನ್ ಆಡಿದಾಗ ಎರಡೂ ಕಡೆ ಒಬ್ಬೊಬ್ಬ ಚೀನೀ ಆಟಗಾರನಿದ್ದ: ಸುನ್ ಜಿಹಾಯ್ ಮತ್ತು ಲೀ ಟಿಯೆ. ಇಂಗ್ಲೆಂಡಿನವರಿಗೆ ಅದು ಸಾಧಾರಣ ಪಂದ್ಯ, ಚೀನಾದಲ್ಲಿ ಕೋಟ್ಯಂತರ ಜನ ಟಿವಿ ಮುಂದೆ ಕೂತಿದ್ದರು. 2017ರಲ್ಲಿ ಮೊಹಮ್ಮದ್ ಸಲಾಹ್ ಲಿವರ್‌ಪೂಲ್ ಸೇರಿದ. ಗೋಲ್ ಹೊಡೆದು ಮೈದಾನದಲ್ಲೇ ಸಜ್ದಾ ಮಾಡುವ ಆತನನ್ನು ನೋಡಿ ಈಜಿಪ್ಟಿನ ಮಕ್ಕಳು ಮಾತ್ರವಲ್ಲ, ನಮ್ಮ ಮೊಹಲ್ಲಾದ ಮಕ್ಕಳೂ ಕೆಂಪು ಜರ್ಸಿ ಕೇಳಿದರು. ಇಲ್ಲಿ "ನಮ್ಮವ" ಅನ್ನುವುದಕ್ಕೆ ಪಾಸ್‌ಪೋರ್ಟ್ ಬೇಕಾಗಲಿಲ್ಲ.

ಮೂರನೇ ದಾರಿ ದುಡಿಮೆ ಮತ್ತು ಭಾಷೆ. ಲ್ಯಾಟಿನ್ ಅಮೆರಿಕದ ಬಹುಪಾಲು ದೇಶಗಳು ಸ್ಪ್ಯಾನಿಷ್ ಮಾತಾಡುತ್ತವೆ, ಸ್ಪೇನ್‌ನ ಲೀಗ್ ಅವರಿಗೆ ತಮ್ಮದೇ ಭಾಷೆಯಲ್ಲಿ ಕೇಳಿಸುತ್ತದೆ. ನಮಗೆ ಆ ಸಂಬಂಧ ಖಾಡಿ ದೇಶಗಳ ಜೊತೆ ಇದೆ. ಹೈದರಾಬಾದಿನಲ್ಲಿ, ಹಾಗೇ ಬೀದರ್-ಕಲಬುರಗಿ ಕಡೆಯಲ್ಲೂ, ಅಣ್ಣನೋ ಮಾಮೂನೋ ಜೆದ್ದಾದಲ್ಲೋ ರಿಯಾದಿನಲ್ಲೋ ಇರುವ ಮನೆಗಳು ಎಷ್ಟಿಲ್ಲ? 2022ರ ಡಿಸೆಂಬರ್ ಕೊನೆಯಲ್ಲಿ ರೊನಾಲ್ಡೊ ಅಲ್ ನಸ್ರ್ ಸೇರಿದಾಗ ಆ ಕ್ಲಬ್ ಈ ಮನೆಗಳಿಗೆ ಪೂರ್ತಿ ಅಪರಿಚಿತವಾಗಿರಲಿಲ್ಲ. ರಜೆಗೆ ಬರುವ ಚಾಚಾನ ಸೂಟ್‌ಕೇಸಿನಲ್ಲಿ ಖರ್ಜೂರದ ಜೊತೆ ಹಳದಿ ಜರ್ಸಿಯೂ ಬಂತು.

ಇನ್ನೊಂದು ಸಣ್ಣ ಸೂತ್ರವೂ ಇದೆ. ಒಬ್ಬ ವ್ಯಕ್ತಿ ಯಾವ ಕ್ಲಬ್ಬಿನ ಅಭಿಮಾನಿ ಅಂತ ಹೇಳಿದರೆ ಅವರ ವಯಸ್ಸು ಹೆಚ್ಚುಕಡಿಮೆ ಹೇಳಬಹುದು. ನಮಗೆ ಹತ್ತು-ಹನ್ನೆರಡು ವರ್ಷವಿದ್ದಾಗ ಯಾರು ಗೆಲ್ಲುತ್ತಿದ್ದರೋ ಅವರೇ ಜನ್ಮಪೂರ್ತಿ ನಮ್ಮವರು. ಮೂವತ್ತು-ನಲವತ್ತರವರು ಮ್ಯಾಂಚೆಸ್ಟರ್ ಯುನೈಟೆಡ್, ಅವರಿಗಿಂತ ಚಿಕ್ಕವರು ಬಾರ್ಸಿಲೋನಾ ಅಥವಾ ರಿಯಲ್ ಮ್ಯಾಡ್ರಿಡ್, ಈಗಿನ ಹೈಸ್ಕೂಲ್ ಮಕ್ಕಳಲ್ಲಿ ಮ್ಯಾಂಚೆಸ್ಟರ್ ಸಿಟಿಯವರೂ ಕಾಣುತ್ತಾರೆ. ನಿಮ್ಮ ಮನೆಯಲ್ಲೇ ಕೇಳಿ ನೋಡಿ.

ಹಾಗಾದರೆ ಹೊರಗಿನ ಕ್ಲಬ್ಬಿನ ಮೋಹ ಊರಿನ ಆಟವನ್ನು ತಿಂದುಹಾಕುತ್ತದಾ? ಹಾಗೇನೂ ಇಲ್ಲ. ಈಜಿಪ್ಟಿನವರು ಸಲಾಹ್‌ನನ್ನು ಎಷ್ಟೇ ಹೊತ್ತು ಮೆರೆಸಲಿ, ಅಲ್ ಅಹ್ಲಿ ಮತ್ತು ಝಮಾಲೆಕ್ ಪಂದ್ಯದ ದಿನ ಕೈರೋ ಎರಡು ಪಾಲಾಗುತ್ತದೆ. ಐವತ್ತು ವರ್ಷಕ್ಕೂ ಹೆಚ್ಚು ಕಾಲ ಇಂಗ್ಲಿಷ್ ಪಂದ್ಯ ನೋಡಿದ ನಾರ್ವೆಯಲ್ಲಿ, ಆರ್ಕ್‌ಟಿಕ್ ವೃತ್ತದೊಳಗಿನ ಒಂದು ಸಣ್ಣ ಪಟ್ಟಣದ ಕ್ಲಬ್ ಬೋಡೊ/ಗ್ಲಿಮ್ಟ್ 2025ರಲ್ಲಿ ಇಟಲಿಯ ಲಾಜಿಯೊವನ್ನು ಸೋಲಿಸಿ ಯುರೋಪಾ ಲೀಗ್‌ನ ಸೆಮಿಫೈನಲ್ ತಲುಪಿತು. ನಮ್ಮ ಪಕ್ಕದ ಕೇರಳವನ್ನು ನೋಡಿ. 2022ರ ವಿಶ್ವಕಪ್‌ಗೆ ಕೋಯಿಕ್ಕೋಡ್ ಜಿಲ್ಲೆಯ ಪುಳ್ಳಾವೂರಿನಲ್ಲಿ ಹೊಳೆಯ ಬಳಿ ಮೆಸ್ಸಿ, ನೇಮಾರ್ ಕಟೌಟ್ ಎದ್ದವು. ಅದೇ ವರ್ಷ ಮಲಪ್ಪುರಂನ ಮಂಜೇರಿಯಲ್ಲಿ ಸಂತೋಷ್ ಟ್ರೋಫಿ ನಡೆದಾಗ ಸ್ಟೇಡಿಯಂ ತುಂಬಿ ತುಳುಕಿತು. ದೂರದ್ದೂ ಬೇಕು, ಹತ್ತಿರದ್ದೂ ಬೇಕು ಅಂತಾರೆ ಅವರು. ಹತ್ತಿರದ್ದು ಮಾಯವಾದ ಊರಿನಲ್ಲಿ ಮಾತ್ರ ದೂರದ್ದೇ ಎಲ್ಲವೂ ಆಗುತ್ತದೆ.

ಈಗ ನಮ್ಮ ಊರಿಗೆ ಬರೋಣ. ಹಿಮಾಯತ್‌ನಗರದಿಂದ ಬಶೀರ್‌ಬಾಗ್ ಕಡೆ ನಡೆದರೆ ಫತೇ ಮೈದಾನ. 1967ರಿಂದ ಅದರ ಹೆಸರು ಲಾಲ್ ಬಹಾದುರ್ ಸ್ಟೇಡಿಯಂ. ಇನ್ನೊಂದು ಕಡೆ ನಡೆದರೆ ಕಾಚಿಗುಡ. ಕನ್ನಡಿಗರಿಗೆ ಕಾಚಿಗುಡ ಗೊತ್ತಿಲ್ಲದ ಜಾಗವೇ? ಮೈಸೂರಿಗೆ ರೈಲು ಹೊರಡುವುದು ಅಲ್ಲಿಂದ, ಕರ್ನಾಟಕ ಸಾಹಿತ್ಯ ಮಂದಿರ ಇರುವುದೂ ಅಲ್ಲಿ. ಅದೇ ಕಾಚಿಗುಡದ ಮಿಡ್ಲ್ ಸ್ಕೂಲಿನಲ್ಲಿ ಒಬ್ಬ ಮೇಷ್ಟರಿದ್ದರು, ಸಯ್ಯದ್ ಅಬ್ದುಲ್ ರಹೀಮ್. 1909ರಲ್ಲಿ ಇದೇ ಊರಲ್ಲಿ ಹುಟ್ಟಿದವರು. ಉರ್ದು ಶರೀಫ್, ದಾರುಲ್ ಉಲೂಮ್, ಚಾದರ್‌ಘಾಟ್ ಶಾಲೆಗಳಲ್ಲೂ ಪಾಠ ಮಾಡಿದರು. 1950ರಿಂದ ಹೈದರಾಬಾದ್ ಸಿಟಿ ಪೊಲೀಸ್ ತಂಡದ ಕೋಚ್. ಆ ತಂಡ 1950ರಿಂದ 1954ರವರೆಗೆ ಬೊಂಬಾಯಿಯ ರೋವರ್ಸ್ ಕಪ್ಪನ್ನು ಸತತ ಐದು ಸಲ ಗೆದ್ದಿತು.

ರಹೀಮ್ ಸಾಬ್ ಮೈದಾನಕ್ಕೂ ಕ್ಲಾಸ್‌ರೂಮಿನ ಬುದ್ಧಿ ತಂದರು. ಬಲಗಾಲಿನ ಹುಡುಗ ಎಡಗಾಲಿನಲ್ಲೇ, ಎಡಗಾಲಿನವನು ಬಲಗಾಲಿನಲ್ಲೇ ಒದೆಯಬೇಕು ಅನ್ನುವ ಪಂದ್ಯಾವಳಿ ಏರ್ಪಡಿಸುತ್ತಿದ್ದರು. ದುರ್ಬಲ ಕಾಲು ಗಟ್ಟಿಯಾಗಲಿ ಅಂತ. ಇಂಥ ಮೇಷ್ಟ್ರು ಭಾರತ ತಂಡದ ಕೋಚ್ ಆಗಿ 1951ರಲ್ಲಿ ದೆಹಲಿಯ ಏಷ್ಯನ್ ಗೇಮ್ಸ್ ಚಿನ್ನ ತಂದರು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತ ನಾಲ್ಕನೇ ಸ್ಥಾನ ಪಡೆಯಿತು. ಆ ತಂಡದಲ್ಲಿ ಹೈದರಾಬಾದಿನವರೇ ಹಲವರು, ನಮ್ಮ ಮೈಸೂರು ರಾಜ್ಯಕ್ಕೆ ಆಡಿದ ಕೆಂಪಯ್ಯ ಕೂಡ ಇದ್ದರು. 1962ರಲ್ಲಿ ಜಕಾರ್ತಾದಲ್ಲಿ ದಕ್ಷಿಣ ಕೊರಿಯಾವನ್ನು 2-1ರಿಂದ ಸೋಲಿಸಿ ಮತ್ತೆ ಚಿನ್ನ. ಆಗ ರಹೀಮ್ ಸಾಬ್‌ಗೆ ಕ್ಯಾನ್ಸರ್. 1963ರ ಜೂನ್‌ನಲ್ಲಿ ತೀರಿಕೊಂಡರು. 2024ರಲ್ಲಿ ಅಜಯ್ ದೇವಗನ್ ನಟಿಸಿದ "ಮೈದಾನ್" ಸಿನಿಮಾ ಬಂದಿದ್ದು ಇವರ ಮೇಲೆಯೇ. ಆಮೇಲೂ ಈ ಊರು ಮೊಹಮ್ಮದ್ ಹಬೀಬ್‌ರಂಥವರನ್ನು ಕೊಟ್ಟಿತು. 1977ರಲ್ಲಿ ಪೆಲೆ ತನ್ನ ಕಾಸ್ಮೋಸ್ ತಂಡದ ಜೊತೆ ಕಲ್ಕತ್ತಾಗೆ ಬಂದಾಗ ಮೋಹನ್ ಬಗಾನ್ 2-2 ಸಮ ಮಾಡಿಕೊಂಡಿತಲ್ಲ, ಅದರಲ್ಲಿ ಒಂದು ಗೋಲ್ ಹಬೀಬ್ ಅವರದು.

ಬೇರೆ ಊರಿನ ಕ್ಲಬ್ಬನ್ನು "ನಮ್ಮದು" ಅನ್ನುವ ಅಭ್ಯಾಸವೂ ನಮ್ಮ ಹಿರಿಯರಿಗೆ ಇತ್ತು. ಕಲ್ಕತ್ತಾದ ಮೊಹಮ್ಮಡನ್ ಸ್ಪೋರ್ಟಿಂಗ್ 1934ರಿಂದ 1938ರವರೆಗೆ ಸತತ ಐದು ವರ್ಷ ಅಲ್ಲಿನ ಲೀಗ್ ಗೆದ್ದಿತು. ಅದರ ಮೊದಲು ಯಾವ ಭಾರತೀಯ ಕ್ಲಬ್ಬೂ ಆ ಲೀಗ್ ಗೆದ್ದಿರಲಿಲ್ಲ. ಬಂಗಾಳವನ್ನೇ ಕಾಣದ ಮುಸ್ಲಿಮರೂ ಪೇಪರಿನಲ್ಲಿ ಆ ಸುದ್ದಿ ಓದಿ ಹಿಗ್ಗಿದರು. ಆದರೆ ಆಗ ನಮ್ಮ ಕಡೆಯೂ ಖಾಲಿ ಇರಲಿಲ್ಲ. ಬ್ರಿಟಿಷ್ ರೆಜಿಮೆಂಟುಗಳ ಸೊತ್ತಿನಂತಿದ್ದ ರೋವರ್ಸ್ ಕಪ್ಪನ್ನು 1937 ಮತ್ತು 1938ರಲ್ಲಿ ಬೆಂಗಳೂರ್ ಮುಸ್ಲಿಮ್ಸ್ ತಂಡ ಗೆದ್ದುಕೊಂಡಿತು. 1940ರ ರೋವರ್ಸ್ ಫೈನಲ್‌ನಲ್ಲಿ ಈ ಎರಡೂ ತಂಡಗಳೇ ಎದುರಾದವು, ಕಲ್ಕತ್ತಾದವರು ಗೆದ್ದರು. ದೂರದ ಕ್ಲಬ್ಬನ್ನು ಮೆಚ್ಚುತ್ತಲೇ ಅದರ ಎದುರು ನಿಲ್ಲುವ ತಂಡ ನಮ್ಮಲ್ಲಿತ್ತು.

ಆ ತಂಡಗಳು ಏನಾದವು? ರೋವರ್ಸ್ ಕಪ್ಪೇ ಈ ಶತಮಾನದ ಆರಂಭದಲ್ಲಿ ನಿಂತುಹೋಯಿತು. ಇಂಥ ಪಂದ್ಯಾವಳಿಗಳು ಮಂಕಾಗುತ್ತಿದ್ದ ಹೊತ್ತಿಗೇ ಕೇಬಲ್ ಟಿವಿ ಇಂಗ್ಲೆಂಡನ್ನು ಮನೆಯೊಳಗೆ ತಂದಿತು. ಖಾಲಿಯಾದ ಕುರ್ಚಿಯಲ್ಲಿ ಮ್ಯಾಂಚೆಸ್ಟರ್ ಬಂದು ಕೂತಿತು, ಅಷ್ಟೇ.

2019ರಲ್ಲಿ ಇನ್ನೊಂದು ಅವಕಾಶ ಬಂದಿತ್ತು. ಪುಣೆಯ ಐಎಸ್‌ಎಲ್ ಕ್ಲಬ್ ಮುಚ್ಚಿದಾಗ ಅದರ ಜಾಗದಲ್ಲಿ ಹೈದರಾಬಾದ್ ಎಫ್‌ಸಿ ಹುಟ್ಟಿತು, ಗಚ್ಚಿಬೌಲಿ ಅದರ ಮನೆ. ಆದರೆ ಕೋವಿಡ್ ಬಂದು ಎರಡು ಸೀಸನ್ ಇಡೀ ಲೀಗ್ ಗೋವಾದಲ್ಲೇ ನಡೆಯಿತು. 2022ರ ಮಾರ್ಚ್ 20ರಂದು ಹೈದರಾಬಾದ್ ಚಾಂಪಿಯನ್ ಆದದ್ದೂ ಗೋವಾದ ಫತೋರ್ಡಾದಲ್ಲಿ. ಹೆಸರು ಕೇಳಿದರೆ ನಮ್ಮ ಉತ್ತರ ಕರ್ನಾಟಕದವರು ಅನಿಸುವ ಗೋವಾದ ಗೋಲ್‌ಕೀಪರ್ ಲಕ್ಷ್ಮೀಕಾಂತ್ ಕಟ್ಟಿಮನಿ ಆ ದಿನ ಕೇರಳ ಬ್ಲಾಸ್ಟರ್ಸ್‌ನ ಮೂರು ಪೆನಾಲ್ಟಿ ತಡೆದರು. ತಂಡ ಚಾಂಪಿಯನ್ ಆದ ಆ ಸೀಸನ್ನಿನ ಒಂದು ಪಂದ್ಯವೂ ಊರಿನಲ್ಲಿ ನಡೆಯಲಿಲ್ಲ. ಆಮೇಲೆ ಹಣದ ಮುಗ್ಗಟ್ಟು, ಆಟಗಾರರು ಒಬ್ಬೊಬ್ಬರೇ ಹೊರಟರು. 2025ರಲ್ಲಿ ಕ್ಲಬ್ ದೆಹಲಿಗೆ ಹೋಗಿ ಹೆಸರನ್ನೂ ಬದಲಿಸಿಕೊಂಡಿತು. ಅದೇ ವರ್ಷದ ಡಿಸೆಂಬರ್ 13ರಂದು ಮೆಸ್ಸಿ ಹೈದರಾಬಾದಿಗೆ ಬಂದ. ಉಪ್ಪಲ್ ಸ್ಟೇಡಿಯಂನಲ್ಲಿ ಜನವೋ ಜನ. ಊರಿನ ಕ್ಲಬ್ ಹೋದ ವರ್ಷವೇ ಇದು ನಡೆಯಿತು ಅನ್ನೋದನ್ನು ನೆನಪಿಡಿ.

ಕರ್ನಾಟಕದವರಿಗೂ ಇಂಥದ್ದೊಂದು ಲೆಕ್ಕವಿದೆ. 2022ರಲ್ಲಿ ಮಂಜೇರಿಯಲ್ಲಿ ನಡೆದ ಸಂತೋಷ್ ಟ್ರೋಫಿ ಸೆಮಿಫೈನಲ್‌ನಲ್ಲಿ ಕರ್ನಾಟಕ ಕೇರಳಕ್ಕೆ 7-3ರಿಂದ ಸೋತಿತ್ತು. ಮರುವರ್ಷ, 2023ರ ಮಾರ್ಚ್ 4ರಂದು, ಮೇಘಾಲಯವನ್ನು 3-2ರಿಂದ ಸೋಲಿಸಿ ಕಪ್ ಗೆದ್ದಿತು. ಮೈಸೂರು ಎಂಬ ಹೆಸರಿನಲ್ಲಿ 1968-69ರಲ್ಲಿ ಗೆದ್ದ ಮೇಲೆ ಇದೇ ಮೊದಲು. ಫೈನಲ್ ನಡೆದದ್ದು ಎಲ್ಲಿ ಗೊತ್ತಾ? ರಿಯಾದಿನಲ್ಲಿ! ರೊನಾಲ್ಡೊ ಅಲ್ ನಸ್ರ್ ಸೇರಿ ಆಗಿನ್ನೂ ಎರಡು ತಿಂಗಳು ಕಳೆದಿತ್ತಷ್ಟೆ. ರೊನಾಲ್ಡೊ ರಿಯಾದಿನಲ್ಲಿ ಹೊಡೆದ ಗೋಲುಗಳ ಲೆಕ್ಕ ಬಾಯಿಪಾಠ ಇರುವ ನಿಮ್ಮ ತಮ್ಮನಿಗೆ, ಕರ್ನಾಟಕ ಅದೇ ರಿಯಾದಿನಲ್ಲಿ ಕಪ್ ಎತ್ತಿದ್ದು ಗೊತ್ತಾ ಅಂತ ಒಮ್ಮೆ ಕೇಳಿ.

ಕೇಳುವಾಗ ಗದರಬೇಡಿ. ಮಕ್ಕಳ ಜರ್ಸಿ ಬಿಚ್ಚಿಸುವುದರಿಂದ ಊರಿನ ಆಟ ಬದುಕುವುದಿಲ್ಲ. ದೂರದ ಕ್ಲಬ್ ಅವರಿಗೆ ಆಟದ ರುಚಿ ಹತ್ತಿಸಿದೆ, ಆಫ್‌ಸೈಡ್ ಅಂದರೇನು ಅಂತ ನಮಗಿಂತ ಚೆನ್ನಾಗಿ ವಿವರಿಸುತ್ತಾರೆ. ಆ ತಿಳಿವಳಿಕೆಗೆ ಊರಿನಲ್ಲೇ ಒಂದು ಮೈದಾನ ಬೇಕು, ಕೂಗಿ ಹುರಿದುಂಬಿಸಲು ಒಂದು ತಂಡ ಬೇಕು. ಶಾಲೆಯಲ್ಲಿ ಪಿ.ಟಿ. ಪೀರಿಯಡ್ಡನ್ನು ಗಣಿತಕ್ಕೆ ಕೊಟ್ಟುಬಿಡುವ ಮುಂಚೆ ನಮ್ಮಂಥ ಶಿಕ್ಷಕರು ಒಂದು ಸಲ ಯೋಚಿಸಬಹುದು. ನೀವು ವಿದ್ಯಾರ್ಥಿಯಾಗಿದ್ದರೆ, ಮುಂದಿನ ಸಲ ನಿಮ್ಮ ಜಿಲ್ಲೆಯ ತಂಡವೋ ಕಾಲೇಜು ತಂಡವೋ ಆಡುವಾಗ ನಾಲ್ಕು ಜನ ಗೆಳೆಯರನ್ನು ಕರೆದುಕೊಂಡು ಹೋಗಿ. ಬಾರ್ಸಿಲೋನಾದ ಜರ್ಸಿ ಹಾಕಿಕೊಂಡೇ ಹೋಗಿ, ಪರವಾಗಿಲ್ಲ. ಭಾರತವನ್ನು ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನಕ್ಕೆ ಒಯ್ದವರು ಕಾಚಿಗುಡದ ಮಿಡ್ಲ್ ಸ್ಕೂಲಿನ ಒಬ್ಬ ಮೇಷ್ಟ್ರು ಅನ್ನೋದನ್ನು ಆ ಗೆಳೆಯರಿಗೂ ಹೇಳಿ.