ಕಣ್ಣೀರು ಸಬರ್‌ಗೆ ವಿರುದ್ಧವಲ್ಲ

ನಮ್ಮ ಮದ್ರಸದ ಎರಡನೇ ತರಗತಿಯ ಹುಡುಗನೊಬ್ಬ ಜ್ವರ ಬಂದು ತೀರಿಕೊಂಡ. ದಫನ್ ಮುಗಿಸಿ ಎಲ್ಲರೂ ಅವನ ತಂದೆಯ ಕೈ ಹಿಡಿದು, "ಅಳಬೇಡಿ, ಸಬರ್ ಮಾಡಿ" ಅಂದೆವು. ಹಾಗೆ ಹೇಳಿದವರಲ್ಲಿ ನಾನೂ ಒಬ್ಬ. ಕೆಲವು ದಿನ ಕಳೆದು ಮಗನ ಕಿತಾಬುಗಳನ್ನು ತಕೊಂಡು ಹೋಗಲು ಅವರು ಮದ್ರಸಕ್ಕೆ ಬಂದರು. "ಉಸ್ತಾದ್, ಅತ್ತರೆ ನನ್ನ ಈಮಾನ್ ಕಡಿಮೆ ಆಗ್ತದಾ?" ಎಂದು ಕೇಳಿದರು. ನನಗೆ ನಾಚಿಕೆಯಾಯಿತು.

ಪ್ರವಾದಿ (ಸ.ಅ.) ಅವರ ಮಗ ಇಬ್ರಾಹೀಂ ಹಿಜರಿ 10ರಲ್ಲಿ ಎರಡು ವರ್ಷ ತುಂಬುವ ಮೊದಲೇ ವಫಾತಾದರು. ಕೊನೆಯುಸಿರೆಳೆಯುತ್ತಿದ್ದ ಕಂದನನ್ನು ಕಂಡು ಪ್ರವಾದಿಯವರ ಕಣ್ಣು ತುಂಬಿತು. ಅಬ್ದುರ್ರಹ್ಮಾನ್ ಬಿನ್ ಔಫ್ (ರ.ಅ.) ಅಚ್ಚರಿಯಿಂದ, ತಾವೂ ಅಳುವುದೇ ಎಂದು ಕೇಳಿದಾಗ, ಇದು ಕರುಣೆ ಎಂದರು. ಕಣ್ಣು ಅಳುತ್ತದೆ, ಹೃದಯ ನೋಯುತ್ತದೆ, ಆದರೆ ಅಲ್ಲಾಹನು ಮೆಚ್ಚದ ಮಾತು ನಾಲಗೆಯಲ್ಲಿ ಬರಬಾರದು ಎಂಬುದು ಅವರ ಪಾಠ. ಅವರ ಏಳು ಮಕ್ಕಳಲ್ಲಿ ಆರು ಮಂದಿ ಅವರ ಜೀವಿತಕಾಲದಲ್ಲೇ ತೀರಿಕೊಂಡರು. ಉಳಿದವರು ಫಾತಿಮಾ (ರ.ಅ.) ಒಬ್ಬರೇ.

ಎದೆ ಬಡಿದುಕೊಂಡು, ಬಟ್ಟೆ ಹರಿದುಕೊಂಡು ಗೋಳಾಡುವುದಕ್ಕೆ ವಿರೋಧವಿದೆ. ಕಣ್ಣೀರಿಗಿಲ್ಲ. ಯೂಸುಫ್ ನೆಬಿಯವರನ್ನು ನೆನೆದು ಯಅ್‌ಕೂಬ್ ನೆಬಿಯವರ ಕಣ್ಣು ಬೆಳ್ಳಗಾದದ್ದನ್ನು ಕುರ್‌ಆನೇ ಹೇಳುತ್ತದೆ. ಅವರಿಗಿಂತ ದೊಡ್ಡ ಸಬರ್ ನಮಗುಂಟೇ?

ಹಾಗಾದರೆ ನಾವೇನು ಮಾಡಬೇಕು? ಜಅ್‌ಫರ್ (ರ.ಅ.) ಮುಅ್‌ತಾದಲ್ಲಿ ಹುತಾತ್ಮರಾದಾಗ ಅವರ ಮನೆಯವರಿಗೆ ಊಟ ಮಾಡಿಕೊಡಲು ಪ್ರವಾದಿಯವರು ಹೇಳಿದರು. ನಮ್ಮಲ್ಲಿ ಎಷ್ಟೋ ಕಡೆ ಮಯ್ಯತ್ ಆದ ಮನೆಯವರೇ ಬಂದವರಿಗೆ ಚಹಾ ಕಾಯಿಸಬೇಕು! ಮೂರು ದಿನ ಮನೆ ತುಂಬಾ ಜನ, ನಾಲ್ಕನೇ ದಿನ ಯಾರೂ ಇಲ್ಲ. ತಿಂಗಳು ಕಳೆದ ಮೇಲೂ ಒಮ್ಮೆ ಹೋಗಿ. ಮಗುವಿನ ಹೆಸರು ಹೇಳಿ ಮಾತಾಡಿ. "ಬೇಗ ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕಿತ್ತು" ಅಂತ ಉಮ್ಮನ ಎದೆಗೆ ಚುಚ್ಚಬೇಡಿ. "ಇನ್ನೊಂದು ಮಗು ಆಗ್ತದೆ" ಅನ್ನುವುದೂ ಬೇಡ. ಮನೆಯ ಉಳಿದ ಮಕ್ಕಳನ್ನು ಹತ್ತಿರ ಕೂರಿಸಿಕೊಳ್ಳಿ, ಅವರೂ ಒಳಗೊಳಗೇ ಅಳುತ್ತಿರುತ್ತಾರೆ. ವಾರಗಟ್ಟಲೆ ನಿದ್ರೆ, ಊಟ ಇಲ್ಲದಿದ್ದರೆ, ಬದುಕೇ ಬೇಡ ಅನ್ನಿಸಿದರೆ ಮಂತ್ರಿಸಿದ ನೀರಷ್ಟೇ ಸಾಕೆಂದು ಕೂರಬೇಡಿ. ಡಾಕ್ಟರ್ ಹತ್ತಿರ ಹೋಗುವುದು ಈಮಾನ್‌ನ ಕೊರತೆಯಲ್ಲ.

ಆ ದಿನ ಆ ತಂದೆಗೆ ನಾನು ಇಷ್ಟೆಲ್ಲ ಹೇಳಲಿಲ್ಲ. "ನಾನು ಹೇಳಿದ್ದು ತಪ್ಪಾಯಿತು, ಅಳಿ" ಅಂದೆ ಅಷ್ಟೆ. ಮಗ ಕೂರುತ್ತಿದ್ದ ಬೆಂಚಿನಲ್ಲಿ ಕೂತು ಅವರು ತುಂಬಾ ಹೊತ್ತು ಅತ್ತರು. ಆಮೇಲೆ ಇಬ್ಬರೂ ಸೇರಿ ದುಆ ಮಾಡಿದೆವು.