ಬೀಗ ಹಾಕುವ ಮುನ್ನ

ಬಹುದಿನದ ಪ್ರಯಾಣಕ್ಕೆ ಹೊರಡುವ ಗೃಹಸ್ಥನು ಗ್ಯಾಸಿನ ರೆಗ್ಯುಲೇಟರನ್ನು ಮುಚ್ಚಿ, ನಲ್ಲಿಗಳನ್ನೆಲ್ಲ ಬಿಗಿಯಾಗಿ ತಿರುಗಿಸಿ, ಹಿತ್ತಲ ಬಾಗಿಲಿನ ಅಗುಳಿಯನ್ನು ಇನ್ನೊಮ್ಮೆ ಮುಟ್ಟಿ ನೋಡಿ, ಬೀಗ ಹಾಕಿದ ಮೇಲೂ ಅದನ್ನು ಎರಡು ಬಾರಿ ಜಗ್ಗಿ ಪರೀಕ್ಷಿಸಿಯೇ ಬೀದಿಗಿಳಿಯುವುದು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದಿರುವ ಪದ್ಧತಿ. ಈ ಕ್ರಮಕ್ಕೆ ಈಚಿನ ವರ್ಷಗಳಲ್ಲಿ ಹೊಸದೊಂದು ಅಂಗ ಸೇರಿಕೊಂಡಿದೆ: ಜಗಲಿಯ ಮೂಲೆಯಲ್ಲಿಯೋ ಗೇಟಿನ ಕಂಬದ ಮೇಲೆಯೋ ಕುಳಿತು, ಮನೆಯ ವೈಫೈ ಮೂಲಕ ಯಜಮಾನನ ಮೊಬೈಲಿಗೆ ದೃಶ್ಯವನ್ನು ಕಳುಹಿಸುತ್ತಿರುವ ಚಿಕ್ಕ ಕ್ಯಾಮೆರಾ. ಮಗಳ ಬಾಣಂತನಕ್ಕೆಂದೋ ಮೊಮ್ಮಕ್ಕಳನ್ನು ನೋಡಿಕೊಳ್ಳುವುದಕ್ಕೆಂದೋ ಆರು ತಿಂಗಳ ಮಟ್ಟಿಗೆ ಅಮೆರಿಕಕ್ಕೆ ಹೊರಡುವ ಹಿರಿಯ ದಂಪತಿಗಳು ಮೈಸೂರು, ಧಾರವಾಡ, ಮಂಗಳೂರುಗಳ ಬಡಾವಣೆಗಳಲ್ಲಿ ಅಪರೂಪವಲ್ಲದ ಈ ಕಾಲದಲ್ಲಿ, ಆ ಯಂತ್ರವನ್ನು ಇನ್ನು ವಿಲಾಸವಸ್ತುವೆಂದು ಗಣಿಸಲಾಗದು.

ಆದರೆ ಅದರ ಸ್ವಭಾವದಲ್ಲಿ ಒಂದು ವಿಪರ್ಯಾಸವುಂಟು. ನಾವು ಮನೆಯಲ್ಲಿರುವಷ್ಟು ದಿನವೂ, ಚಿತ್ರ ನಿಂತುಹೋದರೆ ಪ್ಲಗ್ಗನ್ನು ಕಿತ್ತು ಮತ್ತೆ ಸಿಕ್ಕಿಸುವವರು ನಾವು; ರೌಟರಿನ ದೀಪ ಕೆಂಪಾದರೆ ಅದನ್ನು ಆರಿಸಿ ಹೊತ್ತಿಸುವವರು ನಾವು; ಲೆನ್ಸಿನ ಮುಂದೆ ಜೇಡ ಬಲೆ ನೇಯ್ದರೆ ಪೊರಕೆಯ ತುದಿಯಿಂದ ತೆಗೆಯುವವರೂ ನಾವೇ. ಇಷ್ಟನ್ನೂ ಮಾಡಿ ಆ ಕ್ಷಣವೇ ಮರೆತು, ಕ್ಯಾಮೆರಾ ಚೆನ್ನಾಗಿ ನಡೆಯುತ್ತಿದೆಯೆಂಬ ಸಮಾಧಾನದಲ್ಲಿರುತ್ತೇವೆ. ಹಾಗೆ ನಡೆದುದರಲ್ಲಿ ಯಂತ್ರದ ಪಾಲೆಷ್ಟು, ನಮ್ಮ ಕೈಯ ಪಾಲೆಷ್ಟು ಎಂಬುದು ಕೈ ದೂರವಾದಾಗಲೇ ತಿಳಿಯತಕ್ಕ ಸಂಗತಿ. ಆದಕಾರಣ, ಪ್ರಯಾಣಕ್ಕೆ ಮೊದಲು ಮಾಡಬೇಕಾದ ಪರೀಕ್ಷೆಯ ಸಾರವಿಷ್ಟು: ಮನೆಯಲ್ಲಿದ್ದುಕೊಂಡೇ ನಾವಿಲ್ಲವೆಂಬಂತೆ ವರ್ತಿಸಿ, ಏನಾಗುವುದೆಂದು ನೋಡುವುದು.

ಮನೆಯ ಕಾವಲಿಗೆ ಕ್ಯಾಮೆರಾವನ್ನು ಹೂಡುವ ಯೋಚನೆಗೆ ಅರ್ಧ ಶತಮಾನಕ್ಕೂ ಮೀರಿದ ವಯಸ್ಸಾಗಿದೆ. ನ್ಯೂಯಾರ್ಕಿನ ಕ್ವೀನ್ಸ್ ಭಾಗದಲ್ಲಿ ವಾಸವಾಗಿದ್ದ ಮೇರಿ ವ್ಯಾನ್ ಬ್ರಿಟನ್ ಬ್ರೌನ್ ಎಂಬ ದಾದಿ, ತನ್ನ ಪತಿ ಆಲ್ಬರ್ಟ್ ಬ್ರೌನನ ನೆರವಿನಿಂದ ಅಂಥ ವ್ಯವಸ್ಥೆಯೊಂದನ್ನು ರೂಪಿಸಿ 1966ರಲ್ಲಿ ಪೇಟೆಂಟಿಗೆ ಅರ್ಜಿ ಸಲ್ಲಿಸಿದಳು. 1969ರ ಡಿಸೆಂಬರಿನಲ್ಲಿ ಅದು ಮಂಜೂರಾಯಿತು. ಬಾಗಿಲಿನ ಇಣುಕುಗಂಡಿಗಳ ಹಿಂದೆ ಮೇಲಕ್ಕೂ ಕೆಳಕ್ಕೂ ಸರಿಯುವ ಕ್ಯಾಮೆರಾ, ಮಲಗುವ ಕೋಣೆಯಲ್ಲಿ ಅದರ ಪರದೆ, ಹೊರಗಿನವರೊಡನೆ ಮಾತಾಡುವ ಸೌಕರ್ಯ, ನೆರವನ್ನು ಕರೆಯುವುದಕ್ಕೊಂದು ಗುಂಡಿ, ಇಷ್ಟೂ ಅದರಲ್ಲಿದ್ದುವು. ಆಕೆಯ ಕಲ್ಪನೆಯಲ್ಲಿ ನೋಡುವ ಕಣ್ಣಿನ ಹಿಂದೆ ಸದಾ ಒಬ್ಬ ಮನುಷ್ಯನಿದ್ದಾನೆ. ನಾವಾದರೋ ಆ ಮನುಷ್ಯನನ್ನು ಸಾವಿರಾರು ಮೈಲಿಗಳಾಚೆ ಕಳುಹಿಸಿ, ಕಣ್ಣನ್ನು ಮಾತ್ರ ಇಲ್ಲಿ ಉಳಿಸುತ್ತಿದ್ದೇವೆ. ಪರೀಕ್ಷೆ ಕಠಿನವಾಗಬೇಕಾದುದು ಈ ಕಾರಣದಿಂದ.

ವಿದ್ಯುತ್ತಿನ ಸರಪಳಿ

ಊರಿಗೆ ಹೊರಡುವಾಗ ಮೇನ್ ಸ್ವಿಚ್ಚನ್ನು ಇಳಿಸಬೇಕೆಂದು ಹಿರಿಯರು ಕಲಿಸಿದ್ದಾರೆ. ಅದು ವಿವೇಕವೂ ಹೌದು. ಆದರೆ ಆ ವಿವೇಕವೇ ಕ್ಯಾಮೆರಾದ ಕಣ್ಣನ್ನು ಮುಚ್ಚಿಬಿಡುವುದು. ಮನೆಯಲ್ಲಿ ಇನ್ವರ್ಟರ್ ಇದೆಯಲ್ಲ ಎಂದು ಸಮಾಧಾನಪಡುವಂತಿಲ್ಲ. ಮೇನ್ ಇಳಿಸಿದೊಡನೆ ಹೊರೆಯೆಲ್ಲ ಬ್ಯಾಟರಿಯ ಮೇಲೆ ಬಿದ್ದು, ಅದು ಕೆಲವು ಗಂಟೆಗಳಲ್ಲಿ ಅಥವಾ ಒಂದೆರಡು ದಿನಗಳಲ್ಲಿ ಬರಿದಾಗುತ್ತದೆ. ಹಾಗೆ ಬರಿದಾಗಿ ತಿಂಗಳುಗಟ್ಟಲೆ ಬಿದ್ದ ಬ್ಯಾಟರಿ ಮತ್ತೆ ಚೇತರಿಸಿಕೊಳ್ಳುವುದು ಕಷ್ಟ. ಕ್ಯಾಮೆರಾ, ರೌಟರ್, ಹೊರಗಿನಿಂದ ಬರುವ ಫೈಬರ್ ತಂತಿಯ ಪೆಟ್ಟಿಗೆ, ಈ ಮೂರೂ ಎಂಸಿಬಿ ಎಂಬ ಒಂದೇ ಸ್ವಿಚ್ಚಿನ ಅಧೀನವಾಗಿರುವಂತೆ ಎಲೆಕ್ಟ್ರಿಷಿಯನ್ನಿನಿಂದ ಮೊದಲೇ ಏರ್ಪಾಡು ಮಾಡಿಸಿ, ಹೊರಡುವಾಗ ಅದೊಂದನ್ನುಳಿದು ಮಿಕ್ಕವನ್ನು ಇಳಿಸುವುದು ಉಚಿತವಾದ ಮಾರ್ಗ. ಇವುಗಳಲ್ಲಿ ಯಾವುದೊಂದು ಆರಿದರೂ ಉಳಿದ ಎರಡು ಹೊತ್ತಿಕೊಂಡಿದ್ದು ಪ್ರಯೋಜನವಿಲ್ಲವೆಂಬುದನ್ನು ನೆನಪಿಡಬೇಕು.

ಮಳೆಗಾಲದ ಗುಡುಗುಸಿಡಿಲಿನ ಪ್ರದೇಶಗಳಲ್ಲಿ, ಮುಖ್ಯವಾಗಿ ಮಲೆನಾಡು ಕರಾವಳಿಗಳಲ್ಲಿ, ಇನ್ನೊಂದು ತೊಡಕಿದೆ. ವಿದ್ಯುತ್ ಸೋರಿಕೆಯಿಂದ ನಮ್ಮನ್ನು ಕಾಪಾಡುವ ಆರ್‌ಸಿಸಿಬಿ ಎಂಬ ಸ್ವಿಚ್ಚು ಒಮ್ಮೆ ಕೆಳಕ್ಕೆ ಬಿದ್ದರೆ, ಬೀದಿಯಲ್ಲಿ ಕರೆಂಟು ಬಂದರೂ ತಾನಾಗಿ ಮೇಲೇಳದು. ಯಾರಾದರೂ ಬಂದು ಎತ್ತಬೇಕು. ಅದು ನಿಮ್ಮ ಮನೆಯಲ್ಲಿ ಪದೇಪದೇ ಬೀಳುವ ಅಭ್ಯಾಸದ್ದಾಗಿದ್ದರೆ, ಕ್ಯಾಮೆರಾದ ಯೋಚನೆಯನ್ನು ಬದಿಗಿಟ್ಟು ಸೋರಿಕೆಯ ಮೂಲವನ್ನು ಮೊದಲು ಹುಡುಕಿಸತಕ್ಕದ್ದು.

ಹಗಲೆಲ್ಲ ಚೆನ್ನಾಗಿದ್ದ ಕ್ಯಾಮೆರಾ ರಾತ್ರಿಯಾದೊಡನೆ ಆರಿ ಹೊತ್ತಿ ಕಾಡುವುದುಂಟು. ಇದನ್ನು ಕಂಡವರು ಕ್ಯಾಮೆರಾವೇ ಕೆಟ್ಟಿತೆಂದು ಬೇರೆಯದನ್ನು ಕೊಳ್ಳಹೊರಡುತ್ತಾರೆ. ದೋಷ ಬಹುಮಟ್ಟಿಗೆ ಅಡಾಪ್ಟರಿನಲ್ಲಿಯೋ ತಂತಿಯಲ್ಲಿಯೋ ಇರುತ್ತದೆ. ಕತ್ತಲಾದಾಗ ಕ್ಯಾಮೆರಾ ತನ್ನ ಅವಗೆಂಪು ದೀಪಗಳನ್ನು ಹೊತ್ತಿಸುವುದರಿಂದ ಅದಕ್ಕೆ ಹೆಚ್ಚು ವಿದ್ಯುತ್ತು ಬೇಕಾಗುತ್ತದೆ. 5 ವೋಲ್ಟಿನ ಅಡಾಪ್ಟರು ದುರ್ಬಲವಾಗಿದ್ದರೆ, ಅಥವಾ ಗೇಟಿನವರೆಗೆ ಎಳೆದ ತೆಳುವಾದ ಯುಎಸ್‌ಬಿ ತಂತಿ ಉದ್ದವಾಗಿ ದಾರಿಯಲ್ಲಿಯೇ ವೋಲ್ಟೇಜು ಸವೆದರೆ, ಆ ಹೆಚ್ಚಿನ ಬೇಡಿಕೆ ಪೂರೈಸದೆ ಯಂತ್ರ ಮೂರ್ಛೆಹೋಗುತ್ತದೆ. ಗಟ್ಟಿಯಾದ ಅಡಾಪ್ಟರನ್ನು ಮೋಟು ತಂತಿಯಿಂದ ಜೋಡಿಸಿ ಒಂದು ರಾತ್ರಿ ನೋಡಿದರೆ ಸಂಶಯ ಪರಿಹಾರವಾಗುವುದು.

ಇದರ ಜತೆಯಲ್ಲಿಯೇ ಮಾಡತಕ್ಕ ಪ್ರಯೋಗ ಇನ್ನೊಂದು. ಎಂಸಿಬಿಯನ್ನು ಹತ್ತು ನಿಮಿಷ ಇಳಿಸಿ, ಮತ್ತೆ ಎತ್ತಿ, ಏನನ್ನೂ ಮುಟ್ಟದೆ ಸುಮ್ಮನೆ ಕುಳಿತುಕೊಳ್ಳಬೇಕು. ಫೈಬರ್ ಪೆಟ್ಟಿಗೆ ಮತ್ತು ರೌಟರುಗಳು ಎಚ್ಚರಗೊಳ್ಳುವುದಕ್ಕೆ ಕೆಲವು ನಿಮಿಷ ಹಿಡಿಯುತ್ತದೆ. ಕ್ಯಾಮೆರಾ ಅವಕ್ಕಿಂತ ಮುಂಚೆ ಎದ್ದು, ವೈಫೈ ಕಾಣದೆ, ಮತ್ತೆ ಮತ್ತೆ ಹುಡುಕಿ ತಾನಾಗಿ ಸೇರಿಕೊಳ್ಳಬೇಕು. ಕಾಲು ಗಂಟೆಯಾದರೂ ಚಿತ್ರ ಮೂಡದಿದ್ದರೆ, ನೀವು ಹೋದ ಬಳಿಕ ಬರುವ ಮೊದಲನೆಯ ಪವರ್ ಕಟ್ಟಿನೊಡನೆ ಕಾವಲು ಮುಗಿಯಿತೆಂದೇ ತಿಳಿಯಬೇಕು. ರೌಟರಿಗೂ ಫೈಬರ್ ಪೆಟ್ಟಿಗೆಗೂ ಚಿಕ್ಕ ಯುಪಿಎಸ್ ಒಂದನ್ನು ಕೂಡಿಸಿದರೆ ಈ ಬಾಧೆ ಬಹಳಮಟ್ಟಿಗೆ ತಗ್ಗುತ್ತದೆ.

ಅಲೆಗಳ ಹಾದಿ

ವೈಫೈ ಅಲೆಗಳಲ್ಲಿ ಮನೆಗಳಿಗೆ ಪರಿಚಿತವಾದುವು 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ವರ್ಗ. ಮೊದಲನೆಯದರ ಅಲೆಯುದ್ದ ಸುಮಾರು 12.5 ಸೆಂಟಿಮೀಟರು, ಎರಡನೆಯದರದು ಅದರ ಅರ್ಧದಷ್ಟು. ದೂರದ ಜಾತ್ರೆಯಿಂದ ಡೋಲಿನ ಗಂಭೀರನಾದ ಊರನ್ನು ಮುಟ್ಟಿದರೂ ತಾಳದ ಕಿರುದನಿ ನಡುದಾರಿಯಲ್ಲಿ ಅಡಗುವಂತೆ, ನೀಳವಾದ ಅಲೆ ಗೋಡೆಗಳನ್ನು ದಾಟಿ ಹೆಚ್ಚು ದೂರ ಹೋಗುತ್ತದೆ, ಕಿರಿದಾದುದು ಬೇಗ ಕ್ಷೀಣಿಸುತ್ತದೆ. ಆದುದರಿಂದಲೇ ಅಗ್ಗದ ಕ್ಯಾಮೆರಾಗಳಲ್ಲಿ ಹೆಚ್ಚಿನವು 2.4ನ್ನು ಮಾತ್ರ ಬಲ್ಲವು. ರೌಟರಿನಲ್ಲಿ ಆ ವರ್ಗವನ್ನು ನಿಲ್ಲಿಸಿದ್ದರೆ ಅಂಥ ಕ್ಯಾಮೆರಾ ಎಷ್ಟು ಬೇಡಿದರೂ ಸೇರಿಕೊಳ್ಳದು. ನೆರೆಮನೆಗಳ ವೈಫೈ ಒತ್ತೊತ್ತಾಗಿರುವ ಅಪಾರ್ಟ್‌ಮೆಂಟುಗಳಲ್ಲಿ, ಪರಸ್ಪರ ಅಡ್ಡಬರದ 1, 6, 11 ಎಂಬ ಚಾನೆಲ್ಲುಗಳಲ್ಲಿ ತೆರಪಾದುದನ್ನು ಆರಿಸಿಕೊಂಡರೆ ಚಿತ್ರದ ತಡವರಿಕೆ ಕಡಮೆಯಾಗುವುದು.

ಕರಾವಳಿಯ ಮುರಕಲ್ಲಿನ ಗೋಡೆ, ಹಳೆಯ ತೊಟ್ಟಿಮನೆಯ ದಪ್ಪನೆಯ ಮಣ್ಣುಗೋಡೆ, ಕಬ್ಬಿಣ ಹೆಣೆದ ಕಾಂಕ್ರೀಟು, ಉಕ್ಕಿನ ಬೀರು, ತುಂಬಿದ ನೀರಿನ ಟ್ಯಾಂಕು, ಇವೆಲ್ಲ ಅಲೆಗೆ ತಡೆಗಳು. ಕ್ಯಾಮೆರಾದ ಆ್ಯಪಿನಲ್ಲಿ ಸಂಕೇತದ ಬಲವನ್ನು ಡಿಬಿಎಂ ಎಂಬ ಮಾನದಲ್ಲಿ ತೋರಿಸುವುದುಂಟು. ಋಣಚಿಹ್ನೆಯ ಈ ಸಂಖ್ಯೆ −60ರ ಆಸುಪಾಸಿನಲ್ಲಿದ್ದರೆ ಕ್ಷೇಮ, −75ಕ್ಕಿಂತ ಕೆಳಗಿಳಿದರೆ ಕಂಟಕ. ಅಳೆಯುವಾಗ ಮನೆಯ ಬಾಗಿಲುಗಳನ್ನೆಲ್ಲ ಮುಚ್ಚಿರತಕ್ಕದ್ದು. ದಿನನಿತ್ಯ ತೆರೆದ ಬಾಗಿಲುಗಳ ಮೂಲಕ ಸರಾಗವಾಗಿ ಹರಿಯುತ್ತಿದ್ದ ಅಲೆ, ನಾವು ಹೊರಡುವ ದಿನ ಒಂದೊಂದು ಕೋಣೆಯನ್ನೂ ಮುಚ್ಚಿದಾಗ ಅಷ್ಟಷ್ಟೇ ಕುಗ್ಗಿ, ಮೊದಲೇ ಅಂಚಿನಲ್ಲಿದ್ದ ಸಂಬಂಧ ಕಡಿದುಹೋಗಬಹುದು. ಅಂಥಲ್ಲಿ ಕ್ಯಾಮೆರಾವನ್ನು ಕೀಳುವ ಬದಲು ರೌಟರನ್ನು ಒಂದು ಕೋಣೆಯಷ್ಟು ಈಚೆಗೆ, ಎತ್ತರದಲ್ಲಿ ಇಡುವುದೇ ಸುಲಭವಾದ ಚಿಕಿತ್ಸೆ.

ಮನೆಯ ವೈಫೈಯಲ್ಲೇ ಮೊಬೈಲನ್ನಿಟ್ಟುಕೊಂಡು ಚಿತ್ರ ಬಂತೆಂದು ಹಿಗ್ಗುವುದರಿಂದ ಫಲವಿಲ್ಲ. ಮೊಬೈಲಿನ ವೈಫೈಯನ್ನು ಆರಿಸಿ, ಡೇಟಾದಿಂದ, ಬೀದಿಯ ಕೊನೆಯಲ್ಲಿಯೋ ಬಂಧುಗಳ ಮನೆಯಲ್ಲಿಯೋ ನಿಂತು ನೋಡಿದಾಗ ಬರುವ ಚಿತ್ರವೇ ಪ್ರಮಾಣ. ಯಂತ್ರದ ದೋಷವಲ್ಲದ ಎರಡು ಲೌಕಿಕ ತೊಡಕುಗಳನ್ನೂ ಇಲ್ಲಿಯೇ ಹೇಳಬೇಕು. ಬ್ರಾಡ್‌ಬ್ಯಾಂಡಿನ ರೀಚಾರ್ಜು ಪ್ರವಾಸದ ನಡುವೆ ಮುಗಿದರೆ ಎಲ್ಲ ಕಲೆಗಾರಿಕೆಯೂ ವ್ಯರ್ಥ. ಮರಳುವ ದಿನಾಂಕ ದಾಟುವವರೆಗೆ ಮುಂಗಡ ಕಟ್ಟಿಬಿಡುವುದು ಲೇಸು. ಎರಡನೆಯದು ಒಟಿಪಿ. ಪರದೇಶದಲ್ಲಿ ಹೊಸ ಮೊಬೈಲಿನಿಂದ ಆ್ಯಪನ್ನು ಪ್ರವೇಶಿಸಹೊರಟರೆ ಗುಪ್ತಸಂಖ್ಯೆ ಬರುವುದು ಇಲ್ಲಿಯ ಸಿಮ್ಮಿಗೆ; ಆ ಸಿಮ್ಮು ಜೀವಂತವಾಗಿರಬೇಕು, ಅಥವಾ ಮಗನ, ಮಗಳ ಮೊಬೈಲಿಗೂ ಕ್ಯಾಮೆರಾವನ್ನು ಮೊದಲೇ ಹಂಚಿಕೊಟ್ಟಿರಬೇಕು.

ರಾತ್ರಿ, ಸೆಕೆ, ಜೇಡ

ಕಿಟಕಿಯ ಗಾಜಿನ ಒಳಗಡೆಯಿಂದ ಬೀದಿಯನ್ನು ನೋಡುವ ಕ್ಯಾಮೆರಾ ಹಗಲಿನಲ್ಲಿ ಸೊಗಸಾಗಿ ಕಾಣಿಸಿ, ರಾತ್ರಿ ತನ್ನ ಅವಗೆಂಪು ಬೆಳಕು ಗಾಜಿನಿಂದ ಮರಳುವುದರಿಂದ ಬಿಳಿಯ ಮಂಜನ್ನಷ್ಟೇ ತೋರಿಸುತ್ತದೆ. ಲೆನ್ಸಿನ ಮುಂದಣ ಒಂದೇ ಒಂದು ಜೇಡನ ಎಳೆಯೂ ಆ ಬೆಳಕಿನಲ್ಲಿ ಹೊಳೆದು, ಗಾಳಿಗೆ ಅಲುಗಿ, ಕಳ್ಳ ಬಂದನೆಂದು ರಾತ್ರಿಯಿಡೀ ಸುಳ್ಳು ಎಚ್ಚರಿಕೆ ಕೊಡಬಲ್ಲುದು. ಸುಳ್ಳಿನ ಹಾವಳಿಯಿಂದ ಬೇಸತ್ತ ಯಜಮಾನ ಎಚ್ಚರಿಕೆಯನ್ನೇ ಆರಿಸಿಬಿಡುತ್ತಾನೆ. ಅನಾಹುತಕ್ಕೆ ಅದಕ್ಕಿಂತ ಒಳ್ಳೆಯ ದಾರಿ ಬೇರಿಲ್ಲ. ಆಡುವ ತೆಂಗಿನ ಗರಿ, ಬೀದಿಯ ವಾಹನಗಳು, ನೆರೆಯವರ ಅಂಗಳ, ಇವನ್ನು ಗಮನದ ವಲಯದಿಂದ ಹೊರಗಿಡುವ ಸೌಕರ್ಯ ಹಲವು ಆ್ಯಪುಗಳಲ್ಲಿದೆ. ನೆರೆಯವರ ಅಂಗಳವನ್ನು ಹೊರಗಿಡುವುದು ಸಭ್ಯತೆಯೂ ಆಗುತ್ತದೆ.

ಬ್ಯಾಟರಿಯಿಂದ ನಡೆಯುವ ಕ್ಯಾಮೆರಾಗಳು ಸಾಮಾನ್ಯವಾಗಿ ಮೈಯ ಶಾಖವನ್ನು ಗ್ರಹಿಸಿ ಎಚ್ಚರಗೊಳ್ಳುತ್ತವೆ. ಅಂಥವು ಎದುರಿಗೆ ನೇರವಾಗಿ ಬರುವವನಿಗಿಂತ ಅಡ್ಡಹಾಯುವವನನ್ನು ಚೆನ್ನಾಗಿ ಹಿಡಿಯುತ್ತವೆ. ಕಲಬುರಗಿ, ರಾಯಚೂರುಗಳ ಬೇಸಗೆಯಲ್ಲಿ ಹೊರಗಿನ ಶಾಖವೇ ಮೈಯ ಶಾಖಕ್ಕೆ ಸಮವಾದಾಗ ಅವುಗಳ ಸೂಕ್ಷ್ಮತೆ ಕುಂದುತ್ತದೆ. ಮನೆಯವರೊಬ್ಬರು ಗೇಟಿನಿಂದ ಬಾಗಿಲವರೆಗೆ, ನಡುಹಗಲು ಒಮ್ಮೆ, ನಡುರಾತ್ರಿ ಒಮ್ಮೆ ನಡೆದು ನೋಡಿದರೆ ನಿಜಸ್ಥಿತಿ ಗೊತ್ತಾಗುವುದು.

ಸ್ಮೃತಿ ಮತ್ತು ರಹಸ್ಯ

ದೃಶ್ಯವನ್ನು ಕಾಣುವುದರಷ್ಟೇ ಅದನ್ನು ಉಳಿಸುವುದೂ ಮುಖ್ಯ. ಸೆಕೆಂಡಿಗೆ 1 ಮೆಗಾಬಿಟ್ಟಿನಂತೆ ಸತತವಾಗಿ ಬರೆದರೆ ದಿನಕ್ಕೆ ಸುಮಾರು 10.8 ಗಿಗಾಬೈಟು ಬೇಕಾಗುವುದರಿಂದ, 128 ಗಿಗಾಬೈಟಿನ ಮೆಮೊರಿ ಕಾರ್ಡು ಹನ್ನೊಂದು ಹನ್ನೆರಡು ದಿನಕ್ಕೆ ತುಂಬಿ, ಹಳೆಯದನ್ನು ಅಳಿಸಿ ಹೊಸದನ್ನು ಬರೆಯತೊಡಗುತ್ತದೆ. ಬರೆದು ಅಳಿಸಿ ಸವೆದ ಕಾರ್ಡು ಸದ್ದಿಲ್ಲದೆ ನಿಂತುಹೋಗಿರಲೂಬಹುದು. ಆದಕಾರಣ ನಿನ್ನೆಯ ದೃಶ್ಯವನ್ನೂ ಕಳೆದ ವಾರದ ದೃಶ್ಯವನ್ನೂ ತೆರೆದು ನೋಡದೆ ಹೊರಡತಕ್ಕದ್ದಲ್ಲ. ಚಿತ್ರದ ಮೂಲೆಯ ಗಡಿಯಾರವನ್ನೂ ಗಮನಿಸಬೇಕು. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಪ್ರಕರಣವು ಇಂಥ ವಿದ್ಯುನ್ಮಾನ ದಾಖಲೆಯನ್ನು ಪ್ರಮಾಣಪತ್ರದೊಡನೆ ಅಂಗೀಕರಿಸುತ್ತದೆ. ಆದರೆ ಗಡಿಯಾರವನ್ನು ಭಾರತದ ಕಾಲಕ್ಕೆ ಹೊಂದಿಸದೆ ಕಳವಾದ ಹೊತ್ತಿಗೂ ಚಿತ್ರದ ಹೊತ್ತಿಗೂ ಐದೂವರೆ ಗಂಟೆಯ ಅಂತರವಿದ್ದರೆ ವಕೀಲರಿಗೆ ಮಾತು ಬೆಳೆಸಲು ಅಷ್ಟೇ ಸಾಕು.

ಪಾಸ್‌ವರ್ಡಿನ ವಿಷಯದಲ್ಲಿ 2016ರ ಘಟನೆಯೊಂದು ಪಾಠವಾಗಿದೆ. ಮಿರಾಯ್ ಎಂಬ ದುಷ್ಟ ತಂತ್ರಾಂಶವು, ಕಾರ್ಖಾನೆಯಲ್ಲಿಟ್ಟ ಪಾಸ್‌ವರ್ಡನ್ನು ಯಾರೂ ಬದಲಾಯಿಸದಿದ್ದ ಕ್ಯಾಮೆರಾ ಮತ್ತು ರೌಟರುಗಳನ್ನು ಅಸಂಖ್ಯವಾಗಿ ವಶಪಡಿಸಿಕೊಂಡಿತು. ಆ ವರ್ಷದ ಅಕ್ಟೋಬರ್ 21ರಂದು ಅಂಥ ಯಂತ್ರಗಳ ಪಡೆ, ಜಾಲತಾಣಗಳ ವಿಳಾಸವನ್ನು ತೋರಿಸಿಕೊಡುವ ಡೈನ್ ಎಂಬ ಸಂಸ್ಥೆಯ ಮೇಲೆ ದಾಳಿ ಮಾಡಿದಾಗ ಅನೇಕ ಪ್ರಸಿದ್ಧ ಜಾಲತಾಣಗಳು ಗಂಟೆಗಟ್ಟಲೆ ನಿಂತುಹೋದುವು. ಪಾಸ್‌ವರ್ಡನ್ನು ಬದಲಾಯಿಸುವುದು, ಯಂತ್ರದೊಳಗಿನ ತಂತ್ರಾಂಶವಾದ ಫರ್ಮ್‌ವೇರನ್ನು ಹೊಸದುಮಾಡುವುದು ಅಗತ್ಯ. ಅವನ್ನು ವಿಮಾನ ಹತ್ತುವ ದಿನ ಮಾಡದೆ, ತಪ್ಪು ತಿದ್ದಿಕೊಳ್ಳಲು ವ್ಯವಧಾನವಿರುವಾಗ ಮಾಡಬೇಕು.

ಎಚ್ಚರಿಕೆ ಬಂದ ಮೇಲೆ

ಇಷ್ಟೆಲ್ಲ ಸಿದ್ಧವಾಗಿ, ಇಲ್ಲಿ ರಾತ್ರಿ ಎರಡು ಗಂಟೆಗೆ ಗೋಡೆ ಹಾರಿದವನ ಚಿತ್ರ ನ್ಯೂಯಾರ್ಕಿನಲ್ಲಿ ಮಧ್ಯಾಹ್ನ ಮೂರೂವರೆಗೋ ನಾಲ್ಕೂವರೆಗೋ ಮೊಬೈಲಿಗೆ ಬಂತೆಂದು ಭಾವಿಸೋಣ. ನೋಡುವವರು ಎಚ್ಚರವಾಗಿರುವುದು ಒಂದು ಭಾಗ್ಯವೇ ಸರಿ. ಅವರು ಯಾರಿಗೆ ಹೇಳಬೇಕು? ತುರ್ತುಸಂಖ್ಯೆಯಾದ 112ನ್ನು ಒತ್ತಿದರೆ ಕರೆ ಮುಟ್ಟುವುದು ಕರೆದವನು ನಿಂತ ನೆಲದ ಅಧಿಕಾರಿಗಳಿಗೆ. ಕಾಶಿಯಲ್ಲಿ ನಿಂತು ಒತ್ತಿದರೂ ಓಗೊಡುವವರು ಉತ್ತರಪ್ರದೇಶದವರು. ನಿಮ್ಮ ಬಡಾವಣೆಯ ಠಾಣೆಯ ದೂರವಾಣಿ ಸಂಖ್ಯೆಯನ್ನು ದೇಶದ ಸಂಕೇತದೊಡನೆ ಬರೆದಿಟ್ಟುಕೊಂಡು, ಹೊರಡುವ ವಿಷಯವನ್ನು ಆ ಠಾಣೆಗೆ ಮೊದಲೇ ತಿಳಿಸಿರಬೇಕು. ಅದಕ್ಕಿಂತಲೂ ಮಿಗಿಲಾಗಿ, ಬಿದ್ದ ಸ್ವಿಚ್ಚನ್ನು ಎತ್ತುವುದಕ್ಕೆ, ಇನ್ವರ್ಟರಿನ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕುವುದಕ್ಕೆ, ಜೇಡನ ಬಲೆಯನ್ನು ಗುಡಿಸುವುದಕ್ಕೆ ಬೀಗದ ಕೈಯುಳ್ಳ ಒಬ್ಬ ನೆರೆಯವರಾಗಲಿ ಬಂಧುವಾಗಲಿ ಇರಬೇಕು. ಅವರಿಗೆ ಎಂಸಿಬಿ ಪೆಟ್ಟಿಗೆಯನ್ನೂ ರೌಟರನ್ನೂ ಮುಟ್ಟಿ ತೋರಿಸಿರಬೇಕು.

ಹೊರಡುವುದಕ್ಕೆ ಒಂದು ವಾರ ಮುಂಚೆ ಎರಡು ದಿನಗಳನ್ನು ಇದಕ್ಕೆಂದು ಮೀಸಲಿಟ್ಟು, ಬಾಗಿಲುಗಳನ್ನು ಮುಚ್ಚಿ, ಬೇಡದ ಸ್ವಿಚ್ಚುಗಳನ್ನು ಇಳಿಸಿ, ಮನೆಯವರೆಲ್ಲ ಬಂಧುಗಳಲ್ಲಿಗೆ ಹೋಗಿ ತಂಗಿ, ಅಲ್ಲಿಂದಲೇ ಕ್ಯಾಮೆರಾವನ್ನು ನೋಡುತ್ತ, ಬೀಗದ ಕೈಯುಳ್ಳವರಿಗೆ ಒಮ್ಮೆ ಫೋನು ಮಾಡಿ ಸ್ವಿಚ್ಚನ್ನು ಇಳಿಸಿ ಎತ್ತಿಸಿ ನೋಡಿದರೆ, ಆರು ತಿಂಗಳಲ್ಲಿ ಬರಬಹುದಾದ ತೊಡಕುಗಳಲ್ಲಿ ಹೆಚ್ಚಿನವು ಆ ಎರಡು ದಿನಗಳಲ್ಲಿಯೇ ತಲೆದೋರುವುವು. ಆಗ ಅವನ್ನು ಸರಿಪಡಿಸಲು ಅಂಗಡಿಯೂ ಹತ್ತಿರವಿರುತ್ತದೆ, ಎಲೆಕ್ಟ್ರಿಷಿಯನ್ನೂ ಕೈಗೆ ಸಿಗುತ್ತಾನೆ, ಕೈಯಲ್ಲಿ ಐದು ದಿನಗಳೂ ಉಳಿದಿರುತ್ತವೆ.